ಬಣ್ಣದ ಡಬ್ಬಿ ಆಮೇಲೆ

ಒಳಗೆ ಬಾ ಸೈಮಿ, ಬೂಟಿನ ಹಿಮ ಅಲ್ಲೇ ಕೊಡವು.
ಬಾಯ್ಲರಿನ ಪಕ್ಕದ ಸ್ಟೂಲು ಖಾಲಿ ಇದೆ.
ಹತ್ತು ನಿಮಿಷದಿಂದ ಬಾಗಿಲಾಚೆ ನಿಂತಿದ್ದೆ ನೀನು,
ಕೈಗವಸು ಕಳೆದಿದೆ ಅಂತ ನೆಪ ಹೂಡಿಕೊಂಡು;
ಎರಡೂ ನಿನ್ನ ಕೈಯಲ್ಲೇ ಇವೆ.

ಈಗಲೇ ಹೇಳಬೇಡ. ಮೊದಲು ನನ್ನದು ಕೇಳು.

ಮೂವತ್ತೊಂದು ಚಳಿಗಾಲ
ಈ ಶಾಲೆಯ ಕೀಲಿಗೊಂಚಲು ನನ್ನ ಸೊಂಟದಲ್ಲಿ.
ಗುಡಿಸಿದ್ದೇನೆ, ಒಡೆದ ಗಾಜು ಕೂರಿಸಿದ್ದೇನೆ,
ಗೋಡೆಯ ಮೇಲೆ ಮಕ್ಕಳು ಬರೆದದ್ದನ್ನೆಲ್ಲ
ಬಿಳಿ ಬಳಿದು ಅಳಿಸಿದ್ದೇನೆ:
ಹೃದಯ, ಬಾಣ, ಗಣಿತದ ಮೇಷ್ಟರ ಮೂಗು,
ಯಾರಿಗೋ ಯಾರೋ ಬೈದ ಬೈಗುಳ.

ಒಂದು ನವೆಂಬರಿನಲ್ಲಿ, ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ,
ಬೆಂಚಿಗಿಂತ ಕೆಳಗೆ, ನೆಲ ಒರೆಸುವವನಿಗೆ ಮಾತ್ರ ಕಾಣುವಷ್ಟು ಕೆಳಗೆ,
ಪೆನ್ಸಿಲಿನಲ್ಲಿ ಬರೆದಿತ್ತು:
'ವಸಂತದ ಟೈಂಟೇಬಲ್ ನನಗೆ ಬೇಡ.'

ನಕ್ಕೆ. ಯಾವನೋ ಸೋಮಾರಿ ಅಂದುಕೊಂಡೆ.
ಒಂದು ಕೋಟು ಬಳಿದೆ.
ಮಾರನೆಯ ದಿನ ತೆಳ್ಳಗೆ ಮತ್ತೆ ಮೇಲೆದ್ದಿತು.
ಇನ್ನೊಂದು ಕೋಟು ಬಳಿದೆ.

ಎಡಕ್ಕೆ ವಾಲುವ ಆ ಅಕ್ಷರ ನನಗೆ ಗುರುತಿತ್ತು.
ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.
ಆ ವಾರವೇ ಔಲಿಸ್ ತನ್ನ ಸ್ಕೇಟುಗಳನ್ನು
ಆರನೆಯ ತರಗತಿಯ ಹುಡುಗನಿಗೆ ಕೊಟ್ಟುಬಿಟ್ಟಿದ್ದ.
ತಿಂಗಳುಗಟ್ಟಲೆ ಬಾಡಿದ್ದವನು ಕಾರಿಡಾರಿನಲ್ಲಿ ಸಿಳ್ಳೆ ಹಾಕುತ್ತ ಹೋದ.
'ಸದ್ಯ, ಹುಡುಗ ಗೆಲುವಾದ' ಅಂದರು ಅಡಿಗೆಕೋಣೆಯಲ್ಲಿ.
ನಾನೂ ಗೋಣು ಹಾಕಿದೆ, ಬ್ರಷ್ಷು ತೊಳೆಯುತ್ತ.

ಆಮೇಲಿನದನ್ನು ಹೇಳುವುದಿಲ್ಲ.
ಅವನ ಮೇಜಿನ ಮೇಲೆ ವಾರವಿಡೀ ಮೇಣದ ಬತ್ತಿ ಉರಿಯಿತು.
ಮೇಣ ಕೆರೆದವನೂ ನಾನೇ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಿದ್ದಳು ಅಜ್ಜಿ.
ಆ ಬಂಗಾರ ಆವತ್ತಿನಿಂದ ನನ್ನ ಹತ್ತಿರವೇ ಬಿದ್ದಿದೆ,
ಯಾರೂ ಕೊಳ್ಳುವವರಿಲ್ಲ.

ಕಿಟಕಿಯಾಚೆ ಸರೋವರ ನೋಡು.
ಮಂಜುಗಡ್ಡೆ ತೆಳುವಾದಲ್ಲಿ ಸ್ಪ್ರೂಸ್ ಕೊಂಬೆ ನೆಟ್ಟಿದೆ.
ಮೊನ್ನೆ ಒಂದನ್ನು ನೆಟ್ಟವಳು ನೀನೇ ಅಲ್ಲವೆ?
ಸರೋವರದ ಮೇಲೆ ಚಾಡಿ ಹೇಳಿದೆ ಅಂತ
ಯಾರಾದರೂ ಅಂದರೆ?

ಈಗ ಹೇಳು. ಯಾರು?
ಊಟದ ತಟ್ಟೆ ಮುಟ್ಟದೆ ಕೂರುವವಳೋ,
ನೋಟುಪುಸ್ತಕದಲ್ಲಿ ಹೆಸರುಗಳ ಪಟ್ಟಿ ಬರೆದು
'ಸೋಮವಾರ ಗೊತ್ತಾಗುತ್ತೆ ನಿಮಗೆ' ಅಂದವನೋ?
ಎರಡಕ್ಕೂ ಬಾಗಿಲು ಒಂದೇ.

ಏನಂದೆ? ಬಾಯ್ಲರಿನ ಸದ್ದು, ಇನ್ನೊಮ್ಮೆ ಹೇಳು.
ಪಿಹ್ಲಾ.
ಬೆಕ್ಕನ್ನು ನೋಡಿಕೋ ಅಂದಳೇ. ಎಲ್ಲಿಗೆ ಹೋಗುತ್ತೀ ಅಂದರೆ ನಕ್ಕಳೇ.
ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಳೇ.

ಆಣೆ ಮುರಿಯಲಿ, ಸೈಮಿ. ಪಾಪ ಬಂದರೆ ನನಗಿರಲಿ.
ಸಿಟ್ಟಿಗೆ ನಿನ್ನ ಜೊತೆ ಟೂ ಬಿಡುತ್ತಾಳೆ, ಬಿಡಲಿ.
ವರ್ಷಗಟ್ಟಲೆ ಬಿಡಲಿ.
ಟೂ ಬಿಡುವುದಕ್ಕೂ ಅವಳು ಇರಬೇಕಲ್ಲ.

ಅನುಮಾನ ಸುಳ್ಳಾದರೆ ಅನ್ನುತ್ತೀಯ.
ಹೊಗೆಯಿಲ್ಲದೆ ಎಷ್ಟು ಸಲ ಬೆಂಕಿಯ ಗಂಟೆ ಹೊಡೆದು
ಮುನ್ನೂರು ಮಕ್ಕಳನ್ನು ಹಿಮದಲ್ಲಿ ನಿಲ್ಲಿಸಿಲ್ಲ ನಾನು!
ಒಬ್ಬರೂ ಸುಡಲಿಲ್ಲವಲ್ಲ ಅಂತ ಬೇಸರಪಟ್ಟವರುಂಟೆ?

ನನಗೆ ಬುದ್ಧಿ ಹೇಳಲು ಬರುವುದಿಲ್ಲ,
ಪಿಹ್ಲಾಳ ನೋವಿಗೆ ಸರಿಹೊಂದುವ ಸ್ಕ್ರೂ ನನ್ನ ಪೆಟ್ಟಿಗೆಯಲ್ಲಿಲ್ಲ.
ಅದನ್ನು ಕಲಿತವಳು ವೆಲ್ಲಮೊ, ಮೇಲಿನ ಮಹಡಿಯಲ್ಲಿ,
ಮಕ್ಕಳ ಮಾತು ಕೇಳುವುದೇ ಅವಳ ಕೆಲಸ.
ಅವಳ ಬಾಗಿಲು ನನಗೆ ಗೊತ್ತು, ಅಷ್ಟೇ.

ಏಳು. ಜೊತೆಗೆ ಬರುತ್ತೇನೆ.
ನೀನು ಅರ್ಧ ಹೇಳು, ತಡವರಿಸಿದರೆ ಉಳಿದರ್ಧ ನಾನು.
ಹುಡುಗಿಯರ ಶೌಚಾಲಯದ ಗೋಡೆಯ ಮೇಲೆ
ಇವತ್ತು ಬೆಳಿಗ್ಗೆ ಏನೋ ಬರೆದಿದೆ, ನೋಡಿದ್ದೇನೆ.
ಅದನ್ನೂ ಅವಳಿಗೆ ತೋರಿಸಬೇಕು.

ಡಬ್ಬಿ ಇಲ್ಲೇ ಇರಲಿ,
ಮುಚ್ಚಳ ತೆಗೆಯುವುದಿಲ್ಲ.