ಮೂರೇ ಗಂಟೆ

ಕಾಗದದ ಗಿರಣಿ ಮುಚ್ಚಿ ಹದಿನಾಲ್ಕು ವರ್ಷ.
ಮರದ ತಿರುಳು ಬೇಯುತ್ತಿದ್ದ ಹಜಾರದಲ್ಲೀಗ
ಇನ್ನೂರ ಹನ್ನೆರಡು ಕಂಪ್ಯೂಟರುಗಳು
ಸಾಲುಗಟ್ಟಿ ಬಿಸಿಯುಸಿರು ಬಿಡುತ್ತವೆ.
ಹೊರಗೆ ಫಿನ್ಲೆಂಡಿನ ಫೆಬ್ರವರಿ, ಮೈನಸ್ ಇಪ್ಪತ್ತಾರು.
ಒಳಗೆ ಹಿಲ್ಕಾ ಕಾರ್ಪಿನೆನ್, ಉಣ್ಣೆಯ ಕಾಲುಚೀಲ,
ಆರಿದ ಕಾಫಿ.

ಯಾರ ಕೆಲಸ ಯಾವಾಗ, ಎಷ್ಟು ಹೊತ್ತು ಎಂದು
ಸರತಿ ಹಂಚುವವನೊಬ್ಬನಿದ್ದಾನಲ್ಲ, ಶೆಡ್ಯೂಲರ್,
ಅವನದು ಒಂದೇ ಮಾತು: ಮೂರೇ ಗಂಟೆ.
ಹನ್ನೆರಡು ಅಂತ ತಿದ್ದಿದಳು. ಉಳಿಸಿದಳು.
ಮತ್ತೆ ಓದು, ಅಂದಳು.
ಓದಿದೆ, ಅಂದ.
ಎಷ್ಟು?
ಮೂರೇ.

ಮಲಗಿಸಿದಳು, ಎಬ್ಬಿಸಿದಳು,
ಅಲ್ಪವಿರಾಮಗಳನ್ನೆಣಿಸಿದಳು,
ಸಾಲಿನ ಕೊನೆಯ ಖಾಲಿ ಜಾಗವನ್ನೂ
ಮೀನಿನಲ್ಲಿ ಮುಳ್ಳು ಹುಡುಕುವ ಬೆರಳಲ್ಲಿ ತಡವಿದಳು.
ಮೂರೇ.

ಸರತಿಯ ತಲೆಗೇ ಓಸ್ಮೊನ ಸರೋವರ ಕಾದು ಕೂತಿದೆ:
ಹೆಪ್ಪುಗಟ್ಟಿದ ನೀರು ಯಾವ ದಿನದಿಂದ
ಲಾರಿಯ ಭಾರ ಹೊರಲಾರದು ಎಂಬ ಲೆಕ್ಕ.
ಒಂಬತ್ತು ಗಂಟೆ ಬೇಕು ಅದಕ್ಕೆ.
ಮೂರಾಯಿತೋ, ಕತ್ತು ಹಿಡಿದು ಹೊರದಬ್ಬುತ್ತಾನೆ,
ಲೆಕ್ಕದೊಳಗೆ ಮಾರ್ಚ್ ಎರಡನೇ ವಾರ,
ಮಂಜುಗಡ್ಡೆ ಇನ್ನೂ ಕಲ್ಲು.

ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ
ಅವಳಿಗೆ ಹೇಳಿಕೊಡಲು ನಾನು ಅಲ್ಲಿಲ್ಲ.
ಅವಳು ಬೈದದ್ದು ಅವಳ ಭಾಷೆಯಲ್ಲಿ,
ದೆವ್ವದ ಹೆಸರು ಹಿಡಿದು, ರ-ಕಾರಕ್ಕೆ ಒತ್ತು ಕೊಟ್ಟು.

ನಾಲ್ಕನೇ ರಾತ್ರಿ ಪ್ರಶ್ನೆ ಬದಲಾಯಿಸಿದಳು.
ಎಷ್ಟು ಅನ್ನಲಿಲ್ಲ.
ಏನು ಓದ್ತಾ ಇದ್ದೀಯೋ, ಮಾರಾಯ?
ತೋರಿಸಿದ. ಬೇರೆಯದೇ ದಾರಿ, ಬೇರೆಯದೇ ಕಡತ.
ಮೂರು ದಿನ ಅವಳು
ಯಾರೂ ಇಲ್ಲದ ಮನೆಯ ಬಾಗಿಲು ಬಡಿದಿದ್ದಳು.

ಆ ಕಡತದಲ್ಲಿ, ಮೂರರ ಮೇಲೊಂದು ಟಿಪ್ಪಣಿ:
'ಫ್ಯಾನು ಕೆಟ್ಟಿದೆ. ತಾತ್ಕಾಲಿಕ.
ಸೋಮವಾರ ತೆಗೆಯುವುದು. ತೌನೊ.'
ಎಂಟು ವರ್ಷದ ಹಿಂದಿನ ಸೋಮವಾರ.
ಆ ಫ್ಯಾನು ಗುಜರಿಗೆ ಹೋಗಿದೆ,
ತೌನೊ ನಿವೃತ್ತನಾಗಿ ಗಾಳ ಹಾಕಿಕೊಂಡಿದ್ದಾನೆ.
ಇವನೊಬ್ಬ ಕೊಟ್ಟ ಮಾತಿಗೆ ನಿಂತಿದ್ದಾನೆ, ಪಾಪ,
ಸೋಮವಾರ ಅಂದರೇನೆಂದು ಇವನಿಗೆ ಯಾರೂ ಹೇಳಿರಲಿಲ್ಲ.

ಅಂಕಿ ತಿದ್ದಿದಳು.
ಟಿಪ್ಪಣಿಯನ್ನು ಯಾಕೋ ಅಳಿಸಲಿಲ್ಲ.

ಬೆಳಗಿನ ಜಾವ ಓಸ್ಮೊನ ಲೆಕ್ಕದಲ್ಲಿ
ಏಪ್ರಿಲ್ ಹತ್ತೊಂಬತ್ತು, ಮೊದಲ ಬಿರುಕು.
ಹಿಲ್ಕಾ ಕೋಟು ತೊಟ್ಟು ಹೊರಬಂದಳು.
ಸೈಕಲ್ ಸ್ಟ್ಯಾಂಡಿನಿಂದ ಬೇಲಿಯವರೆಗೆ
ಹಿಮದ ಮೇಲೆ ಮೊಲದ ಹೆಜ್ಜೆ.
ಬಗ್ಗಿ ಎಣಿಸಿದಳು, ಅಭ್ಯಾಸಬಲ:
ಒಂದು, ಎರಡು, ಮೂರು.
ನಾಲ್ಕನೆಯದು
ಇನ್ನೊಂದರ ಮೇಲೇ ಬಿದ್ದಿರಬೇಕು.