ಯಾವ ಬಾಬ್ತು

ಮಕುಂದೂಚಿಯ ಖಾಜಿ ಕೋರ್ಟಿನಲ್ಲಿ ರಶೀದಿ ಹರಿಯುವವನು ನಾನು.
ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೆ ಕರಟದ ಚೂರು ಒತ್ತು.
ಹನ್ನೊಂದು ವರ್ಷದಿಂದ ಅದೇ ಕರಟ.

ಮ್ವಾತಿಮಾ ಬಂದದ್ದು ಕಡಲು ಹಿಂದೆ ಸರಿದ ಹೊತ್ತಿಗೆ,
ಅಂದರೆ ಕೆಲಸ ಬಿಟ್ಟು ಬಂದಿದ್ದಾಳೆ.
ಹಿಮ್ಮಡಿಯ ಬಿರುಕಿನಲ್ಲಿ ಬಿಳಿ ಮರಳು.
ಕಂಗಾದ ಸೆರಗಿನ ಗಂಟು ಬಿಚ್ಚಿ ಸುರಿದಳು
ಎರಡು ಲಕ್ಷ ನಲವತ್ತು ಸಾವಿರ ಶಿಲಿಂಗು.
ನೋಟಿಗೆಲ್ಲ ಉಪ್ಪಿನ ವಾಸನೆ, ಎಣಿಸಿದ ಬೆರಳಿಗೆ ಅಂಟು.

ಬೇಡವೆಂದರೂ ಲೆಕ್ಕ ಹಾಕುತ್ತದೆ ಗುಮಾಸ್ತನ ತಲೆ:
ಒಣಪಾಚಿ ಕಿಲೋಗೆ ಆರುನೂರು. ನಾನೂರು ಕಿಲೋ.
ಎಂಟು ಕಿಲೋ ಹಸಿ ಒಣಗಿದರೆ ಒಂದು ಕಿಲೋ.
ಮೂರು ಸಾವಿರದ ಇನ್ನೂರು ಕಿಲೋ ಕಡಲನ್ನು
ಸೊಂಟಮಟ್ಟ ನೀರಿನಿಂದ ದಡಕ್ಕೆ
ಈ ಕತ್ತು ಹೊತ್ತಿದೆ.

ಖಾಜಿ ಕೇಳಿದರು: ಮಹರ್ ಏನಿತ್ತು?
‘ಒಂದು ಮಂಚ. ಒಂದು ಲಕ್ಷ ಇಪ್ಪತ್ತು ಸಾವಿರ ಅಂತ ಬರೆದಿದ್ದರು.
ಅರ್ಧ ಕೊಟ್ಟ. ಇನ್ನರ್ಧ ಆಮೇಲೆ ಅಂದ.
ಆ ಆಮೇಲೆ ಇನ್ನೂ ದಾರಿಯಲ್ಲಿದೆ.’
ಮಂಚ?
‘ಅದರ ಮೇಲೆ ಪಾಚಿ ಒಣಗಿಸುತ್ತೇನೆ. ಬೇಕಾದರೆ ಒಯ್ಯಲಿ.’

ವುವಾಯಿ ನೆಲ ನೋಡುತ್ತ ಕೂತಿದ್ದ.
ಕೆಟ್ಟವನಲ್ಲ, ಹೊಡೆದವನಲ್ಲ, ಅವಳೂ ಹಾಗೆ ದೂರಲಿಲ್ಲ.
‘ಅವನ ಪಕ್ಕ ನನಗೆ ಉಸಿರು ಸಾಲದು’ ಅಂದಳು, ಅಷ್ಟೆ.
ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.
‘ಕೊಟ್ಟದ್ದಕ್ಕಿಂತ ಹೆಚ್ಚು ಕೇಳುವುದು ಚೆನ್ನಲ್ಲ ಮಗನೇ’ ಎಂದರು ಖಾಜಿ.
ಅವನು ಬಾಯಿ ತೆರೆಯುವ ಮೊದಲೇ ಅವಳು:
‘ತಗೊಳ್ಳಲಿ ಬಿಡಿ. ಚೌಕಾಸಿಗೆ ಕೂತರೆ ಇನ್ನೊಂದು ಇಳಿತ ಹೋಗುತ್ತದೆ.’

ಹೊರಗೆ ಮರದ ಕೆಳಗೆ ಆಗಲೇ ಮಾತು ಶುರು:
ತಲಾಖನ್ನು ದುಡ್ಡು ಕೊಟ್ಟು ಕೊಂಡಳಂತೆ.
ಕೊಂಡಳು. ಹೌದು.
ನನ್ನಮ್ಮನೂ ಇದೇ ಜಗಲಿ ಹತ್ತಿದ್ದಳು ಒಮ್ಮೆ,
ಮೂರು ಆಡು ಮಾರಿ. ಐದು ಬೇಕಿತ್ತು.
ತಿರುಗಿ ಮನೆಗೆ ಹೋದಳು.
ಮರುವರ್ಷ ನಾನು ಹುಟ್ಟಿದೆ.

ವುವಾಯಿ ಹೆಬ್ಬೆರಳು ನೆಕ್ಕಿ ನೆಕ್ಕಿ ಮತ್ತೆ ಎಣಿಸಿದ.
ಮೂಲೆ ಹರಿದ ಒಂದು ನೋಟು ಹೊರಗಿಟ್ಟ: ಇದು ನಡೆಯೋದಿಲ್ಲ.
ಕುಪ್ಪಸದೊಳಗಿಂದ ಬೇರೊಂದು ತೆಗೆದು ಕೊಟ್ಟಳು,
ಬೆಚ್ಚಗಿನದು.
ಅದನ್ನು ಹಿಡಿದ ಅವನ ಕೈ ಚೂರು ಹೊತ್ತು ನಿಂತದ್ದು
ನೋಡಿದೆ, ನೋಡಬಾರದಿತ್ತು.

ರಶೀದಿಯಲ್ಲಿ ಕೊಟ್ಟವರು, ಪಡೆದವರು, ಮೊತ್ತ ಬರೆದೆ.
‘ಯಾವ ಬಾಬ್ತು’ ಎಂಬಲ್ಲಿ ಪೆನ್ನು ತಡೆಯಿತು.
ಪ್ರತಿ ಸಲ ಬರೆಯುವುದೇ, ಎರಡೇ ಅಕ್ಷರ: ಖುಲಾ.
ಉಟ್ಟದ್ದನ್ನು ಕಳಚುವುದು ಎಂದು ಮೂಲದ ಅರ್ಥ,
ಮದ್ರಸದಲ್ಲಿ ಬೆತ್ತದ ಭಯಕ್ಕೆ ಬಾಯಿಪಾಠ ಮಾಡಿದ್ದು.
ಇವತ್ತು ಆ ಪದದ ಮೇಲೆ ಎರಡು ಸಲ ತಿದ್ದಿ, ಶಾಯಿ ಹರಡಿತು.

ಕಿಟಕಿಯಲ್ಲಿ ಕಂಡದ್ದು: ಡಾಲಾಡಾಲಾ ಗಾಡಿಗೆ ಕೈಯಡ್ಡ ಹಿಡಿದಳು.
ಅದೇ ಹರಿದ ನೋಟು ಕೊಟ್ಟಳು.
ಕಂಡಕ್ಟರ್ ಹುಡುಗ ನೋಡಲೂ ಇಲ್ಲ,
ಹತ್ತಿಸಿಕೊಂಡ,
ಚಿಲ್ಲರೆಯನ್ನೂ ಕೊಟ್ಟ.