ನಲವತ್ತೊಂದನೆಯ ಸೆಕೆಂಡು

ಕೊಯಿಂಬ್ರಾದ ಆಸ್ಪತ್ರೆ, ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ.
ಗ್ರಾಸಿಯೆಟ್ ವಲಾದಾಸಳ ಮಿದುಳಿನ ಎರಡು ಚಿತ್ರ ನನ್ನ ಮುಂದೆ:
ಒಂದು, ಅವಳು ಸುಮ್ಮನೆ ಮಲಗಿದ್ದ ಮಂಗಳವಾರದ್ದು;
ಇನ್ನೊಂದು, ಸೆಳವು ಬಂದ ಶುಕ್ರವಾರದ ನಸುಕಿನದು.
ಇದರಲ್ಲಿ ಅದನ್ನು ಕಳೆ.
ಶಾಲೆಯ ಲೆಕ್ಕವೇ, ದಶಕ ಎರವಲು ತರುವುದೊಂದಿಲ್ಲ.

ಉಳಿಯುವುದು ರಕ್ತ ಎಲ್ಲಿಗೆ ಓಡಿತು ಎಂಬುದು.
ಯಾಕೆ ಓಡಿತೆಂದು ಶೇಷದಲ್ಲಿ ಬರೆದಿರುವುದಿಲ್ಲ.

ಹೊಸ್ತಿಲನ್ನು ಎರಡಕ್ಕಿಟ್ಟೆ:
ಎಡಗಿವಿಯ ಒಳಬದಿಗೆ ಒಂದೇ ಒಂದು ಹಳದಿ ದ್ವೀಪ.
ಒಂದೂವರೆಗೆ ಇಳಿಸಿದೆ: ತರಗತಿಯ ಮಕ್ಕಳೆಲ್ಲ ಕೈಯೆತ್ತಿದರು.
ಮೂರಕ್ಕೇರಿಸಿದೆ: ಮನೆಯಲ್ಲಿ ಯಾರೂ ಇಲ್ಲ.
ದಾಟಿ ಬಂದವರೇ ಅತಿಥಿಗಳು, ಸರಿ;
ಹೊಸ್ತಿಲನ್ನು ಎತ್ತಿ ಇಳಿಸಿದ್ದು ಮಾತ್ರ ನನ್ನ ಬೆರಳು.

ಅವಳನ್ನು ಹೋಲಿಸಿದ್ದು ಹದಿನಾರು ಆರೋಗ್ಯವಂತರೊಡನೆ.
ನಾಲ್ಕನೆಯವಳು ನಾನೇ.
ಅಂದು ಗಂಡನೊಡನೆ ಜಗಳವಾಡಿ ಬಂದು ಮಲಗಿದ್ದೆ ಯಂತ್ರದೊಳಗೆ.
ಒಂಬತ್ತನೆಯವಳು ಕ್ಯಾಂಟೀನಿನ ಜುಲ್ಮೀರಾ,
ತೀರಿಹೋಗಿ ಎರಡು ವರ್ಷ.
ಸರಾಸರಿಯಲ್ಲಿ ಅವಳ ರಕ್ತ ಇನ್ನೂ ಹರಿಯುತ್ತಿದೆ,
ನನ್ನ ಜಗಳದ ಜೊತೆ ಬೆರೆತು,
ಸಹಜವೆಂದರೆ ಇಷ್ಟು ಎಂದು ಅಳತೆಗೋಲಾಗಿ.

ಡಾಕ್ಟರ್ ಟೆಲ್ಮೋ ಮಹಡಿಯಿಂದ ಫೋನು ಮಾಡುತ್ತಾರೆ:
ಎಡವೋ ಬಲವೋ? ಒಂದು ಸಾಲು ಸಾಕು.

ಸೀಸದ ಕವಚದ ಸಿರಿಂಜು ಹಿಡಿದು ನರ್ಸ್ ಡೆಲ್ಫಿಂ ಓಡಿದ್ದ.
ಕಾರಿಡಾರಿನಲ್ಲಿ ಯಾರದೋ ಗಾಲಿಕುರ್ಚಿ ಅಡ್ಡ.
ಸೂಜಿ ಹೊಕ್ಕಾಗ ನಲವತ್ತೊಂದನೆಯ ಸೆಕೆಂಡು,
ಮದ್ದು ಮಿದುಳು ಮುಟ್ಟಲು ಇನ್ನೂ ಅರ್ಧ ನಿಮಿಷ.
ಮುಟ್ಟಿದಲ್ಲಿ ಕಚ್ಚಿಕೊಳ್ಳುತ್ತದೆ, ಬಿಡುವುದಿಲ್ಲ;
ಗಂಟೆ ಕಳೆದು ತೆಗೆದರೂ ಚಿತ್ರ ಆ ಗಳಿಗೆಯದೇ.
ಆದರೆ ಆ ಗಳಿಗೆ ಯಾವುದು?
ಬೆಂಕಿಯಿಲ್ಲದೆ ಹೊಗೆಯಿಲ್ಲವಂತೆ, ಒಪ್ಪಿದೆ.
ಹೊಗೆ ಕಂಡ ಮನೆಯಲ್ಲೇ ಬೆಂಕಿ ಹುಟ್ಟಿತೆಂದು ಯಾವ ಗಾದೆಯೂ ಹೇಳುವುದಿಲ್ಲ.

ವಿಡಿಯೋ ಮತ್ತೆ ನೋಡಿದೆ, ಶಬ್ದ ತೆಗೆದು.
ಮೊದಲು ಮರಗಟ್ಟಿದ್ದು ಎಡಗೈ.
ಎಡಗೈಯನ್ನು ಆಳುವುದು ಬಲಮಿದುಳು.

ಅಷ್ಟು ಹೊತ್ತೂ ಏರಿದ್ದನ್ನೇ ಎಣಿಸುತ್ತಿದ್ದೆ.
ಈಗ ಇಳಿದದ್ದನ್ನು ತೋರಿಸು ಎಂದೆ ಯಂತ್ರಕ್ಕೆ.
ಬಲಗಡೆ, ಆಳದಲ್ಲಿ,
ಅವರೆಕಾಳಿನಷ್ಟು ನೀಲಿ.
ಉರಿದು ಮುಗಿದು ತಣ್ಣಗಾದ ಒಲೆ ಇರಬಹುದು.
ಬರಿಯ ಗದ್ದಲವೂ ಇರಬಹುದು.

ವರದಿಯಲ್ಲಿ 'ಇರಬಹುದು' ಎಂದು ಮೂರು ಸಲ ಬರೆದೆ.
ಟೆಲ್ಮೋ ಎರಡನ್ನು ಹೊಡೆದುಹಾಕಿದರು,
ಒಂದನ್ನು ಉಳಿಸಿ, ಅದರಡಿ ಗೆರೆ ಎಳೆದರು.
ಮೂಳೆ ಕೊರೆದು ತಂತಿ ಇಳಿಸಿ ನೋಡುವವರೆಗೂ
ಚಾಕು ಕಾಯಲಿ ಎಂದರು.

ಗ್ರಾಸಿಯೆಟ್ ನೋಡಬೇಕೆಂದು ಕೆಳಗಿಳಿದು ಬಂದಳು.
ಕಾರ್ಕ್ ಕಾರ್ಖಾನೆಯಲ್ಲಿ ತೊಗಟೆ ಬೇಯಿಸುವ ಕೆಲಸ ಅವಳದು;
ರಜೆಯಲ್ಲಿ ಸಮುದ್ರದೆದುರು ಕೂತಿದ್ದರೂ
ಸೆಳವಿಗೆ ಮೊದಲು ಅದೇ ವಾಸನೆ,
ಬೇಯುವ ತೊಗಟೆಯದು.
ಹಳದಿಯ ಮೇಲೆ ಬೆರಳಿಟ್ಟು, ಇದಾ? ಎಂದಳು.
ಅಲ್ಲ, ಅದು ನೆರೆಮನೆ. ಇಲ್ಲಿ ನೋಡು.

ನೀಲಿಯತ್ತ ಬಾಗಿದಳು, ಮೂಗು ಪರದೆಗೆ ತಾಗುವಷ್ಟು.
ಮೂಸಿದಳು.
ಏನೂ ಇಲ್ಲ, ಎಂದಳು.